ತಾಯವ್ವ ಕಾದ ಹನಿಗಳು

ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜೊಂದರ ಪ್ರಯೋಗಾಲಯಕ್ಕೆ ತಾಯವ್ವ ಸೇರಿದ್ದು ಕಸ ಹೊಡೆಯಲು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅಲ್ಲಿನ ದೊಡ್ಡ ಫ್ರೀಜರಿನ ಕೀಲಿಕೈ ಅವಳ ಸೆರಗಿನ ತುದಿಗೆ ಬಂದಿತ್ತು. ಮೈನಸ್ ಎಂಬತ್ತು ಡಿಗ್ರಿಯ ಆ ಕಪಾಟಿನೊಳಗೆ ಜಿಲ್ಲೆಯ ಗಿಡಗಳ ಡಿಎನ್‌ಎ ಇತ್ತು. ಬೆರಳ ತುದಿಯಷ್ಟು ನಳಿಕೆಗಳಲ್ಲಿ ಹೆಪ್ಪುಗಟ್ಟಿದ ಒಂದೊಂದು ಹನಿ. ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದಷ್ಟೂ ಅದು ತುಂಡಾಗುತ್ತದೆ ಎಂದು ಪ್ರಯೋಗಾಲಯದ ಮುಖ್ಯಸ್ಥೆ ಶೈಲಶ್ರೀ ಮೇಡಮ್ ಹೇಳಿಕೊಟ್ಟಿದ್ದರು. ಹಾಗಾಗಿ ತಾಯವ್ವ ಯಾರಿಗೂ ಸುಮ್ಮನೆ ಬಾಗಿಲು ತೆಗೆಯಗೊಡುತ್ತಿರಲಿಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಯಾವ ನಳಿಕೆ ಯಾವ ಡಬ್ಬಿಯಲ್ಲಿದೆ ಎಂದು ರಜಿಸ್ಟರ್ ನೋಡದೆ ಹೇಳುತ್ತಿದ್ದಳು.

ಹೋದ ವರ್ಷ ಮೇ ತಿಂಗಳ ಒಂದು ರವಿವಾರ ಮಧ್ಯಾಹ್ನ ಕಾವಲುಗಾರ ಶಾಬುದ್ದೀನ ನವನಗರದ ಅವಳ ಮನೆಗೆ ಫೋನ್ ಮಾಡಿದ. "ಅವ್ವಾರ, ನಿಮ್ಮ ಫ್ರೀಜರಿನ ಅಲಾರಂ ಒದರಾಕ ಹತ್ತೇತ್ರಿ."

ಅವಳು ಆಟೋ ಹಿಡಿದು ಬಂದಾಗ ಫ್ರೀಜರಿನ ಉಷ್ಣತೆ ಮೈನಸ್ ನಲವತ್ತಕ್ಕೆ ಏರಿತ್ತು. ಮೇಡಮ್ ಧಾರವಾಡದಲ್ಲಿದ್ದರು. ಫೋನಿನಲ್ಲೇ ಹೇಳಿದರು: "ಬಾಜೂ ವಿಭಾಗದ ಫ್ರೀಜರ್‌ನ್ಯಾಗ ಆರು ಡಬ್ಬಿ ಹಿಡೀತಾವು. ಮೊದಲ ದಾಳಿಂಬ್ರಿ, ಹತ್ತಿ, ಜ್ವಾಳ ಇಡು. ಹಳೇ ಊರಿನ ಡಬ್ಬಿ ಕಡೀಕ ಇರ್ಲಿ."

ತಾಯವ್ವ ಹೂಂ ಅಂದಳು. ಆದರೆ ಆ ಹಳೆಯ ಊರಿನ ಡಬ್ಬಿಯಲ್ಲೇ ಅವಳ ಮನೆಯ ಲಿಂಬೆ ಗಿಡದ ಹನಿ ಇತ್ತು. ಹಳೆಯ ಬಾಗಲಕೋಟೆಗೆ ಅಣೆಕಟ್ಟಿನ ಹಿನ್ನೀರು ಬರುವ ಮುಂಚೆ ಮೇಡಮ್ ಓಣಿ ಓಣಿ ತಿರುಗಿ ಎಲೆ ಕೂಡಿಸಿದ್ದರು. ಅತ್ತೆ ಕಾಳವ್ವ ಗಿಡದ ಮೈ ಸವರಿ, "ನೀ ಮುಳುಗಿದ್ರೂ ನಿನ್ನ ಹೆಸರ ಉಳೀತೈತಂತವ್ವ" ಎಂದು ಮೂರು ಎಲೆ ಕಿತ್ತು ಕೊಟ್ಟಿದ್ದಳು. ಇಡೀ ಓಣಿ ಉಪ್ಪಿನಕಾಯಿಗೆ ಆ ಹಿತ್ತಲಿಗೇ ಬರುತ್ತಿತ್ತು. ಊರು ಮುಳುಗಿ ನವನಗರಕ್ಕೆ ಬಂದ ಮೇಲೆ ಅತ್ತೆ ನಾಲ್ಕು ಬೀಜ ಊರಿದಳು, ಒಂದೂ ಏಳಲಿಲ್ಲ. ಮರುವರ್ಷ ಅತ್ತೆಯೂ ಹೋದಳು.

ಹೇಳಿದ ಆರು ಡಬ್ಬಿಗಳನ್ನು ತಾಯವ್ವ ಮೊದಲು ಸಾಗಿಸಿದಳು. ಉಳಿದ ನಾಲ್ಕಕ್ಕೆ ಏನು ಮಾಡುವುದು? ಕುಲ್ಫಿ ಮಾಡುವವರು ತಂಪು ಹೆಚ್ಚಿಸಲು ಬರ್ಫಿನ ಗಡ್ಡೆಗೆ ಉಪ್ಪು ಬೆರೆಸುವುದು ನೆನಪಾಯಿತು. ಶಾಬುದ್ದೀನ ಎರಡು ಚೀಲ ಬರ್ಫು, ಹರಳುಪ್ಪು ತಂದ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಡಬ್ಬಿಗಳನ್ನು ಹುಗಿದು, ನೀರು ಬಸಿದು ಮತ್ತೆ ಬರ್ಫು ತುಂಬುತ್ತ, ಸಂಜೆ ಮೇಡಮ್ ಬರುವತನಕ ಅವಳು ಅಲ್ಲಿಂದ ಕದಲಲಿಲ್ಲ.

ಫ್ರೀಜರ್ ರಿಪೇರಿಯಾಯಿತು. ಪರೀಕ್ಷೆ ಮಾಡಿದಾಗ ಹಳೆಯ ಊರಿನ ಹನಿಗಳೆಲ್ಲ ಚಲೋ ಇದ್ದವು. "ಇದರಿಂದ ಗಿಡ ಬರ್ತೈತೇನ್ರಿ?" ತಾಯವ್ವ ಕೇಳಿದಳು.

"ಇಲ್ಲ. ಅದರ ಗುರುತಷ್ಟ ಸಿಗ್ತೈತಿ" ಅಂದರು ಮೇಡಮ್.

ದೀಪಾವಳಿ ಮುಗಿದ ಮೇಲೆ ಅದೇ ಗುರುತು ಕೆಲಸಕ್ಕೆ ಬಂತು. ಬಾದಾಮಿ ಕಡೆಯ ಲಿಂಬೆಗಳನ್ನು ಪರೀಕ್ಷಿಸುತ್ತಿದ್ದ ರೋಹಿಣಿ ಎಂಬ ವಿದ್ಯಾರ್ಥಿನಿ, ಚೊಳಚಗುಡ್ಡದ ಒಂದು ಗಿಡ ಕಾಳವ್ವನ ಗಿಡದ ಗುರುತಿಗೆ ಪೂರಾ ಹೊಂದುತ್ತದೆ ಎಂದು ತೋರಿಸಿದಳು. ತಾಯವ್ವ ಮರುದಿನವೇ ಬಸ್ಸು ಹತ್ತಿದಳು.

ಆ ಗಿಡವಿದ್ದ ಮನೆಯ ಮುದುಕಿ ಸಾವಿತ್ರೆವ್ವ ಅಂದಳು, "ನಮ್ಮತ್ತಿ ತವರಮನಿ ಹಳೇ ಬಾಗಲಕೋಟಿ. ಯಾರದೋ ಹಿತ್ತಲದಾಗಿನ ಟೊಂಗಿಗೆ ಬೇರ ಬರಿಸಿ ತಂದಿದ್ರಂತ."

"ಅದು ನಮ್ಮ ಹಿತ್ತಲರೀ" ಅಂದಳು ತಾಯವ್ವ.

ಸಾವಿತ್ರೆವ್ವ ಅವಳನ್ನು ಕೈಹಿಡಿದು ಕಟ್ಟೆಯ ಮೇಲೆ ಕೂರಿಸಿದಳು. "ಮಳಿಗಾಲಕ್ಕ ಬಾ. ನಿನಗೂ ಒಂದ ಟೊಂಗಿಗೆ ಮಣ್ಣ ಕಟ್ಟಿ, ಬೇರ ಬರಿಸಿ ಕೊಡ್ತೇನಿ."

ಆಮೇಲೆ ಒಬ್ಬಳು ಕಂಡ, ಇನ್ನೊಬ್ಬಳು ಅತ್ತೆಯ ಬಾಯಲ್ಲಿ ಕೇಳಿದ, ಮುಳುಗಿದ ಓಣಿಗಳ ಹೆಸರು ಹೇಳುತ್ತ ಇಬ್ಬರೂ ಕುಳಿತರು. ಬಾಗಲಕೋಟೆಯ ಎರಡು ಬಸ್ಸು ಹೋದವು.