ಒಂದು ರುಮಾಲು, ಮೂರು ಬಾಯಿ ಎಲೆಅಡಿಕೆ

ಆ ರುಮಾಲಿಗೆ ಕೆಂಪು ಅಂಚಿತ್ತು ಎಂದು ನನ್ನ ನೆನಪು. ಆದರೆ ಫೋಟೊ ಕಪ್ಪು-ಬಿಳುಪಿನದು. ಹಾಗಾದರೆ ಆ ಕೆಂಪನ್ನು ನಾನು ಕಣ್ಣಾರೆ ಕಂಡಿರಬೇಕು. ಇಲ್ಲವೇ ಕಥೆ ಹೇಳುತ್ತಾ ಹೇಳುತ್ತಾ ನಾನೇ ಬಳಿದಿರಬೇಕು. ಇನ್ನೂ ಪೇಚಿನ ಸಂಗತಿಯೆಂದರೆ, ಆ ದೃಶ್ಯವನ್ನು ಕ್ಯಾಮೆರಾದ ಕಿಂಡಿಯಲ್ಲಿ ನೋಡಿದ್ದೂ ನೆನಪಿದೆ, ಬರಿಗೈಯಲ್ಲಿ ಪಕ್ಕಕ್ಕೆ ನಿಂತು ನೋಡಿದ್ದೂ ನೆನಪಿದೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಬಂದವನಿಗೆ ಅಷ್ಟಾದರೂ ತಿಳಿಯುತ್ತದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಕಡೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ. ತರೀಕೆರೆಯಲ್ಲೊಬ್ಬ ಗೆಳೆಯ, ಬ್ಯಾಂಕಿನ ಗುಮಾಸ್ತ. ಅಜ್ಜಂಪುರದಲ್ಲಿ ಇನ್ನೊಬ್ಬ, ಅಪ್ಪನ ಜೊತೆ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಿದ್ದವನು. ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಈಗ ಒಂದೇ ಹುಚ್ಚಿನವರು. ತಿಂಗಳಿಗೊಂದು ಭಾನುವಾರ ನಾನು ರೈಲಿನಲ್ಲಿ, ಗುಮಾಸ್ತ ಬಸ್ಸಿನಲ್ಲಿ ಅಜ್ಜಂಪುರಕ್ಕೆ ಬರುತ್ತಿದ್ದೆವು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಸೀರೆ ಹರವುವ ಬಿಳಿ ಗಾದಿಯ ಮೇಲೆ ನಮ್ಮ ಫೋಟೊಗಳನ್ನು ಹರಡಿಕೊಂಡು ಕೂರುತ್ತಿದ್ದೆವು.

ಗುಮಾಸ್ತನದು ಎರಡು ಕಣ್ಣಿನ ಕ್ಯಾಮೆರಾ, ಎದೆಗೆ ಹಿಡಿದು ಮೇಲಿನಿಂದ ಬಗ್ಗಿ ನೋಡುವಂಥದ್ದು. ಅದರ ಚರ್ಮದ ಚೀಲವನ್ನು ಅವನು ತನ್ನ ಬೂಟಿಗಿಂತ ಚೆನ್ನಾಗಿ ಉಜ್ಜುತ್ತಿದ್ದ. ನನ್ನದು ಸೋದರಮಾವ ಬೆಂಗಳೂರಿನಿಂದ ತಂದುಕೊಟ್ಟ ಆಟದ ಕ್ಯಾಮೆರಾ. ಮೈ ಪ್ಲಾಸ್ಟಿಕ್, ಕಣ್ಣೂ ಪ್ಲಾಸ್ಟಿಕ್. ಹಿಂದಿನ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಸೈಕಲ್ ಟ್ಯೂಬಿನ ತುಂಡೊಂದನ್ನು ಸುತ್ತಿ ಬಿಗಿದಿದ್ದೆ. ಆದರೂ ಬೆಳಕು ಒಳಗೆ ನುಸುಳಿ ಅರ್ಧ ಫೋಟೊಗಳಿಗೆ ಸುಣ್ಣ ಬಳಿಯುತ್ತಿತ್ತು. ಅಂಗಡಿಯವನಿಗೆ ಸ್ವಂತ ಕ್ಯಾಮೆರಾ ಇರಲಿಲ್ಲ. ನಮ್ಮಿಬ್ಬರದನ್ನು ಕಸಿದು ಒಂದೆರಡು ಹೊಡೆಯುತ್ತಿದ್ದ. ಬಹುಶಃ ಅದಕ್ಕೇ ಅವನ ನಾಲಿಗೆ ನಮ್ಮೆಲ್ಲರಿಗಿಂತ ಚುರುಕಾಗಿತ್ತು.

"ಲೇ, ಈ ಸೋಪಿನ ಡಬ್ಬದಲ್ಲಿ ಇನ್ನೂ ಸೋಪು ಐತೇನೋ? ಮೂಲೇಲೆಲ್ಲಾ ನೊರೆ ಬಂದೈತೆ" ಎನ್ನುತ್ತಿದ್ದ ನನಗೆ.

"ಅದು ಮೋಡ ಕಣೋ."

"ಮನೆ ಒಳಗೆ ಮೋಡ ಎಲ್ಲಿಂದ ಬತ್ತದೋ?"

ಹೀಗೆ ಎದುರುತ್ತರ ಕೊಟ್ಟು ಕೊಟ್ಟು ಸಂಜೆಯವರೆಗೆ ಒಂದು ಫೋಟೊ ಕೂಡ ದಾಟುತ್ತಿರಲಿಲ್ಲ. ಅದಕ್ಕೇ ಅವನೊಂದು ಕಾನೂನು ತಂದ. ಫೋಟೊ ಗಾದಿಗೆ ಬಿದ್ದ ಕೂಡಲೇ ಅದನ್ನು ತೆಗೆದವನು ತಟ್ಟೆಯಿಂದ ಎಲೆಅಡಿಕೆ ಎತ್ತಿ ಬಾಯಿ ತುಂಬಿಕೊಳ್ಳಬೇಕು. ಇದು ನನ್ನದು ಎಂಬುದಕ್ಕೆ ಅದೇ ಗುರುತು. ಬಾಯಿ ಮುಚ್ಚಿಸುವುದಕ್ಕೂ ಅದೇ ಉಪಾಯ. ಉಳಿದಿಬ್ಬರು ಅಂಗಿಯ ಡಬ್ಬದ ರಟ್ಟಿನಲ್ಲಿ ಇಂಗ್ಲಿಷಿನ L ಆಕಾರಕ್ಕೆ ಕತ್ತರಿಸಿದ ಎರಡು ಮೂಲೆಪಟ್ಟಿಗಳನ್ನು ಫೋಟೊದ ಮೇಲಿಟ್ಟು, ಆ ಕಡೆ ಈ ಕಡೆ ಸರಿಸಿ, ಎಲ್ಲಿ ಕತ್ತರಿಸಿದರೆ ಚೆಂದ ಎಂದು ಹೇಳುವರು. ಉಗಿದು ಬಂದ ಮೇಲೆಯೇ ಉತ್ತರ. ಇಬ್ಬರೂ ಒಪ್ಪಿದ ಫೋಟೊ ಕೋಣೆಯ ಗೋಡೆಗೆ ಗುಂಡುಪಿನ್ನಿನಲ್ಲಿ ಏರುತ್ತಿತ್ತು.

ಗೋಡೆಯ ಮೇಲೆ ಎರಡು ಕಣ್ಣಿನ ಕ್ಯಾಮೆರಾದ ಫೋಟೊಗಳು ಸಾಲಾಗಿ ನಿಂತಿದ್ದವು. ಸೋಪಿನ ಡಬ್ಬದ್ದು ಒಂದೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ: ಆ ಗೋಡೆಯ ಮೇಲೆ ಒಂದು ಚದರ ಜಾಗ. ಲೆನ್ಸು ಬೆಳಕನ್ನು ಬಗ್ಗಿಸುತ್ತದೆ ಅಷ್ಟೇ, ಗಾಜಾದರೇನು ಪ್ಲಾಸ್ಟಿಕ್ಕಾದರೇನು ಎಂದು ವಾದಿಸಲು ಹೋಗಿ ಎಷ್ಟು ಸಲ ಎಲೆಅಡಿಕೆ ಗಂಟಲಿಗೆ ಸಿಕ್ಕಿಸಿಕೊಂಡೆನೋ.

ಒಂದು ಭಾನುವಾರ ಉಗಿಬಂಡಿಯ ಹೊಗೆ ಹಿಡಿಯಲು ಮೂವರೂ ಅಜ್ಜಂಪುರ ಸ್ಟೇಷನ್ನಿಗೆ ಹೋದೆವು. ರೈಲು ಬಂತು, ನಿಂತಿತು, ಮೆಲ್ಲನೆ ಹೊರಟಿತು. ಆಗ ಹೆಂಗಸೊಬ್ಬಳು ಪ್ಲಾಟ್‌ಫಾರಮ್ಮಿನ ಮೇಲೆ ಓಡಿ ಬಂದಳು. ಕೈಯಲ್ಲಿ ಗಂಡ ಮರೆತು ಬಂದ ರುಮಾಲು.

"ಏಯ್, ತಗಳ್ರೀ ಇದ್ನ! ಬೋಳ್ ತಲೇಲಿ ಬೀಗ್ರ ಮನೆಗೆ ಹೋಯ್ತೀರಾ?"

ಕಿಟಕಿಯಿಂದ ಮುದುಕನೊಬ್ಬನ ಕೈ ಹೊರಗೆ ಬಂತು. ಅವನಿಗೆ ಸಿಕ್ಕಿದ್ದು ರುಮಾಲಿನ ಒಂದು ತುದಿ ಮಾತ್ರ. ರೈಲು ಮುಂದಕ್ಕೆ ಹೋದಂತೆ ಸುತ್ತು ಬಿಚ್ಚುತ್ತಾ ಹೋಯಿತು. ಒಂದು ಗಳಿಗೆ ಹೆಂಡತಿಯ ಕೈಯಿಂದ ಗಂಡನ ಕೈವರೆಗೆ ಉದ್ದನೆಯ ಬಟ್ಟೆ ಗಾಳಿಯಲ್ಲಿ ಬಿಗಿಯಾಗಿ ನಿಂತಿತ್ತು. ಆಮೇಲೆ ಅದು ಒಳಗೆ ಹೋಯಿತು ಎಂದು ನನ್ನ ನೆನಪು. ಅವಳ ಕೈಯಲ್ಲೇ ಉಳಿಯಿತು ಎಂದು ಗುಮಾಸ್ತನ ನೆನಪು. ಕೆಳಗೆ ಬಿತ್ತು ಎಂದು ಅಂಗಡಿಯವನದು. ಆ ಗದ್ದಲದಲ್ಲಿ ಸೋಪಿನ ಡಬ್ಬ ನನ್ನ ಕೈಯಲ್ಲಿತ್ತೋ ಅಂಗಡಿಯವನ ಕೈಯಲ್ಲಿತ್ತೋ, ಹೇಳಲಾರೆ.

ಎರಡೂ ಕ್ಯಾಮೆರಾಗಳಿಗೆ ಹಾಕುತ್ತಿದ್ದದ್ದು ಒಂದೇ ಬಗೆಯ ರೋಲು, ಬರುತ್ತಿದ್ದದ್ದು ಒಂದೇ ಅಳತೆಯ ಚದರ ಫೋಟೊ. ಗುಮಾಸ್ತ ಎರಡೂ ರೋಲುಗಳನ್ನು ತರೀಕೆರೆಯ ಸ್ಟುಡಿಯೋದಲ್ಲಿ ತೊಳೆಸಿ, ಎಲ್ಲಾ ಫೋಟೊಗಳನ್ನೂ ಒಂದೇ ಲಕೋಟೆಯಲ್ಲಿ ತಂದ. ಸ್ಟುಡಿಯೋದವರು ಅಂಚು ಮುಚ್ಚಿ ಸುತ್ತ ಬಿಳಿ ಪಟ್ಟಿ ಬಿಟ್ಟು ಅಂದವಾಗಿ ಅಚ್ಚು ಹಾಕಿದ್ದರು. ರುಮಾಲಿನ ಫೋಟೊ ಗಾದಿಗೆ ಬಿತ್ತು. ಸ್ವಲ್ಪ ಓರೆ, ಸ್ವಲ್ಪ ಮಬ್ಬು. ಆದರೆ ಆ ಬಟ್ಟೆಯ ಗೆರೆ! ಫೋಟೊದ ಈ ತುದಿಯಿಂದ ಆ ತುದಿಗೆ ಎಳೆದಂತಿತ್ತು.

ಮೂರು ಕೈಗಳು ಒಟ್ಟಿಗೆ ತಟ್ಟೆಗೆ ಹೋದವು. ಮೂರು ಬಾಯಿಗಳು ತುಂಬಿದವು.

ಆಮೇಲೆ ತಾನೇ ಗೊತ್ತಾದದ್ದು, ಮಾತಾಡಲು ಯಾರೂ ಉಳಿದಿಲ್ಲವೆಂದು. ಗುಮಾಸ್ತ ಹುಬ್ಬು ಹಾರಿಸಿ ತನ್ನ ಚರ್ಮದ ಚೀಲವನ್ನು ತೋರಿಸಿದ. ನಾನು ಸೋಪಿನ ಡಬ್ಬ ಎತ್ತಿ ಹಿಡಿದೆ. ಅಂಗಡಿಯವನು ಆ ಡಬ್ಬವನ್ನು ನನ್ನಿಂದ ಕಿತ್ತುಕೊಂಡು, ಕಣ್ಣಿಗೆ ಹಿಡಿದು, ಗುಂಡಿ ಒತ್ತುವಂತೆ ಅಭಿನಯಿಸಿ, ಎದೆ ತಟ್ಟಿಕೊಂಡ. ಉಗಿಯಲು ಯಾರೂ ಏಳಲಿಲ್ಲ. ಎದ್ದವನು ಹಕ್ಕು ಬಿಟ್ಟಂತೆ ಎಂದು ಮೂವರಿಗೂ ಅನಿಸಿರಬೇಕು.

ನಮ್ಮ ಗಲಾಟೆಗೆ ಒಗ್ಗಿಹೋಗಿದ್ದ ಅಂಗಡಿಯವನ ಅಪ್ಪ ಈ ಮೌನಕ್ಕೆ ಹೆದರಿ ಒಳಗೆ ಬಂದರು.

"ಏನ್ರಪ್ಪಾ, ಸುಮ್ಕಾಗ್ಬಿಟ್ರಿ? ಹೊಡ್ದಾಡ್ಕಂಡ್ರಾ?"

ಕೆನ್ನೆ ಉಬ್ಬಿಸಿಕೊಂಡು ಮೂವರೂ ಫೋಟೊದತ್ತ ಬೆರಳು ಮಾಡಿದೆವು. ಅವರು ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು ನೋಡಿದರು. ಗುಮಾಸ್ತ ಮೂಲೆಪಟ್ಟಿಗಳನ್ನು ಮುಂದೆ ಮಾಡಿದ. ಅವರು ಅವನ್ನು ಪಕ್ಕಕ್ಕೆ ತಳ್ಳಿದರು.

"ಇದು ನಮ್ಮಂಗ್ಡೀ ರುಮಾಲೇ ಕಣ್ರೋ! ರೈಲೇ ಎಳದ್ರೂ ಹರ್ದಿಲ್ಲ ನೋಡ್ರಿ!"

ಹಾಗೆಂದವರೇ ಫೋಟೊ ಎತ್ತಿಕೊಂಡು ಹೋಗಿ, ಗಿರಾಕಿಗಳ ಕಣ್ಣಿಗೆ ಬೀಳುವ ಹಾಗೆ ಮುಂದಿನ ಅಂಗಡಿಯ ಗೋಡೆಗೇ ಚುಚ್ಚಿದರು. ವಿಮರ್ಶೆಯೇ ಇಲ್ಲದೆ ಗೋಡೆ ಏರಿದ ಫೋಟೊ ಅದೊಂದೇ, ಅದೂ ಹಿಂದಿನ ಗೋಡೆಗಲ್ಲ, ಮುಂದಿನ ಗೋಡೆಗೆ. ಯಾರದೆಂದು ಮಾತ್ರ ತೀರ್ಮಾನವಾಗಲಿಲ್ಲ. "ಬಿಡೋ, ನಿನ್ನ ಡಬ್ಬಕ್ಕೆ ಇಂಥಾ ಭಾಗ್ಯ ಎಲ್ಲೈತೆ" ಎಂದು ಗುಮಾಸ್ತ ಬಸ್ಸು ಹತ್ತಿದ. ಮಬ್ಬಿಗೆ ಕಾರಣ ರೈಲಿನ ಓಟವಂತೆ, ಲೆನ್ಸಲ್ಲವಂತೆ. ಮುಂದೆ ವರ್ಷಗಟ್ಟಲೆ ಮೂವರೂ ನಮ್ಮ ನಮ್ಮ ನೆಂಟರನ್ನು ಅಂಗಡಿಗೆ ಕರೆತಂದು ಆ ಫೋಟೊವನ್ನು ನನ್ನದೇ ಎಂದು ತೋರಿಸಿದೆವು. ಒಂದು ಫೋಟೊದ ಮೇಲೆ ಮಧ್ಯಾಹ್ನವೆಲ್ಲಾ ಜಗಳವಾಡುತ್ತಿದ್ದ ನಮಗೆ ನೆಗೆಟಿವ್ ತೆಗೆದು ನೋಡೋಣ ಎಂದು ತೋಚಲೇ ಇಲ್ಲ. ನನಗೂ ತೋಚಲಿಲ್ಲ.

ಎಂಬತ್ತರ ದಶಕದಲ್ಲಿ ಗುಮಾಸ್ತನಿಗೆ ದೂರದ ಊರಿಗೆ ವರ್ಗವಾಯಿತು. ಹೋಗುವಾಗ ನೆಗೆಟಿವ್‌ಗಳ ಬಿಸ್ಕತ್ತಿನ ಡಬ್ಬಿಯನ್ನು ನನಗೆ ಕೊಟ್ಟ. ಆ ರಾತ್ರಿ ಅಲ್ಲ, ಎಷ್ಟೋ ದಿನಗಳ ಮೇಲೆ, ಬೇರೇನೋ ಹುಡುಕುವಾಗ ಅದನ್ನು ತೆರೆದೆ. ಸೋಪಿನ ಡಬ್ಬವೂ ಅದೇ ಬೀರುವಿನಲ್ಲಿತ್ತು. ಅದರ ಒಳಗೆ ಫಿಲ್ಮು ಕೂರುವ ಚೌಕಟ್ಟಿನ ಒಂದು ಮೂಲೆಯಲ್ಲಿ, ಎರಕ ಹೊಯ್ಯುವಾಗಲೇ ಉಳಿದುಹೋದ ಎಳ್ಳಿನಷ್ಟು ಪ್ಲಾಸ್ಟಿಕ್ ಚೂರೊಂದಿದೆ. ಅದರಲ್ಲಿ ತೆಗೆದ ಪ್ರತಿ ನೆಗೆಟಿವ್‌ನ ಅಂಚಿನಲ್ಲೂ ಆ ಚೂರಿನ ಕಚ್ಚು ಬಿದ್ದಿದೆ. ಎರಡು ಕಣ್ಣಿನ ಕ್ಯಾಮೆರಾದ ನೆಗೆಟಿವ್‌ಗಳ ಮೂಲೆಗಳು ನುಣುಪು.

ಅಂಚು ಕೆಂಪೋ ಅಲ್ಲವೋ ಗೊತ್ತಿಲ್ಲ. ಗುಂಡಿ ಒತ್ತಿದವರು ಯಾರೋ ಗೊತ್ತಿಲ್ಲ. ರುಮಾಲಿನ ನೆಗೆಟಿವ್ ಅನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ನೋಡಿದ್ದೇನೆ: ಮೂಲೆಯಲ್ಲಿ ಕಚ್ಚು ಇದೆ.