ಭದ್ರಾವತಿ ತೂಕದ ಕಾರು

ಶಿವಕುಮಾರ್ ಭದ್ರಾವತಿ ದಾರಿಯ ಮಲವಗೊಪ್ಪದ ತನ್ನ ಶೆಡ್ಡಿನಲ್ಲಿ ಟ್ರ್ಯಾಕ್ಟರ್ ಟ್ರೈಲರ್ ಕಟ್ಟಲು ಶುರುಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ಅವನ ಟ್ರೈಲರುಗಳು ಹೊಳೆಹೊನ್ನೂರಿನ ಗದ್ದೆ ದಾರಿಗಳಲ್ಲೆಲ್ಲ ಓಡಾಡುತ್ತವೆ. ಆದರೆ ಒಂದೂ ತಾನಾಗಿ ಓಡುವಂಥದ್ದಲ್ಲ, ಎಲ್ಲವೂ ಯಾರದೋ ಇಂಜಿನ್ನಿನ ಬೆನ್ನು ಹತ್ತಿ ಹೋಗುವಂಥವು. ತನ್ನ ಕೈಯಲ್ಲಿ ಆದದ್ದು ಒಂದಾದರೂ ಸ್ವಂತ ಬಲದ ಮೇಲೆ ಓಡಬೇಕು ಎಂಬ ಹಟ ನಲವತ್ತಾರನೆಯ ವಯಸ್ಸಿನಲ್ಲಿ ಅವನಿಗೆ ಹತ್ತಿಕೊಂಡಿತು. ಕಾರು ಕೊಳ್ಳುವುದು ಬೇರೆ ಮಾತು. ಅದನ್ನು ಯಾರು ಬೇಕಾದರೂ ಮಾಡಬಹುದು.

ಅಂಥ ಹೊತ್ತಿನಲ್ಲಿ ರವೀಂದ್ರನಗರದ ಸುದರ್ಶನ ಎಂಬ ನಿವೃತ್ತ ಅಧಿಕಾರಿ ಗೇಟಿನ ರಿಪೇರಿಗೆ ಅವನನ್ನು ಕರೆಸಿದರು. ಅವರ ಪೋರ್ಟಿಕೋದಲ್ಲಿ ಟಾರ್ಪಾಲಿನ ಕೆಳಗೆ ಅರ್ಧ ಕಾರು ನಿಂತಿತ್ತು. ಬಿಡಿಬಿಡಿಯಾಗಿ ತರಿಸಿ ಮನೆಯಲ್ಲೇ ಜೋಡಿಸಿಕೊಳ್ಳುವ ಜಾತಿಯದು. ಸಣ್ಣ ಪೈಪುಗಳ ಚೌಕಟ್ಟು, ಫೈಬರ್ ಮೈ, ಹಳೆಯ ಮಾರುತಿಯ ಇಂಜಿನ್, ಮೇಲೆ ಕೆಲವು ಪೆಟ್ಟಿಗೆ ಸಾಮಾನು. ರಸ್ತೆಗಿಳಿಸಲು ನೋಂದಣಿ ಸಿಗದು. ಹೊಳೆಹೊನ್ನೂರಿನ ಕಡೆ ಕೊಯ್ಲಾದ ಗದ್ದೆಯಲ್ಲಿ ಹುಡುಗರು ನಡೆಸುವ ಕೆಸರು ರೇಸಿಗೆ ಆ ಚಿಂತೆಯಿರಲಿಲ್ಲ.

“ಎಂಬತ್ತು ಪರ್ಸೆಂಟ್ ಮುಗ್ದಿದೆ ಶಿವಕುಮಾರ್. ಉಳಿದಿದ್ದು ಬರೀ ಜೋಡಣೆ. ನಂಗೆ ಸೊಂಟ ಬಗ್ಗಲ್ಲ, ಇಲ್ದಿದ್ರೆ ನಾನೇ ಮಾಡ್ತಿದ್ದೆ” ಎಂದರು ಸುದರ್ಶನ. ಹಳೆಯ ಸ್ಕೂಟರಿನ ಬೆಲೆಗೆ ಕೊಟ್ಟೂಬಿಟ್ಟರು.

ಶೆಡ್ಡಿನಲ್ಲಿ ಪೆಟ್ಟಿಗೆ ಬಿಚ್ಚಿದಾಗ ಎಂಬತ್ತು ಪರ್ಸೆಂಟಿನ ಬಣ್ಣ ಬಯಲಾಯಿತು. ಬೋಲ್ಟಿಗೆ ನಟ್ಟು ಕೂರುತ್ತಿರಲಿಲ್ಲ. ಸ್ಟಿಯರಿಂಗ್ ಕಂಬ ಎಡಗಡೆ ಕೂತು ಓಡಿಸುವವರಿಗಾಗಿ ಮಾಡಿದ್ದು. ಇಂಜಿನ್ನಿನ ಕಾಲುಗಳು ಚೌಕಟ್ಟಿನ ತೂತುಗಳಿಗಿಂತ ನಾಲ್ಕು ಬೆರಳು ಆಚೆ. ಶಿವಕುಮಾರ್ ಒಂದೊಂದನ್ನೂ ಕತ್ತರಿಸಿ, ಕೊರೆದು, ಮತ್ತೆ ಬೆಸೆದ. ಟ್ರೈಲರಿನ ಗಿರಾಕಿಗಳು ಬಂದರೆ ಹೆಂಡತಿ ಶಾಮಲಾ ಬಾಗಿಲಲ್ಲೇ ನಿಂತು, “ಅವ್ರಿಗೆ ಈಗ ಬೇರೆ ಸಂಸಾರ ಆಗಿದೆ, ಮುಂದಿನ ವಾರ ಬನ್ನಿ” ಎಂದು ಕಳಿಸುತ್ತಿದ್ದಳು.

ಅಷ್ಟನ್ನಾದರೂ ಅವನು ತಡೆದುಕೊಂಡಿದ್ದ. ಕೆಡಿಸಿದ್ದು ಊರಿನ ಅಭ್ಯಾಸ. ಈ ಕಡೆ ಕಬ್ಬಿಣದ ಸಾಮಾನನ್ನು ಯಾರೂ ಕಣ್ಣಿನಲ್ಲಿ ನೋಡಿ ಒಪ್ಪುವುದಿಲ್ಲ. ಒದ್ದು ನೋಡುತ್ತಾರೆ. ದಪ್ಪ ಸದ್ದು ಬಂದರೆ ಮಾಲು ಗಟ್ಟಿ, ಕಿಣಿಕಿಣಿ ಎಂದರೆ ಕಟ್ಟಿದವನ ಮರ್ಯಾದೆ ಹೋಯಿತು. ಭದ್ರಾವತಿಯ ಉಕ್ಕಿನ ಕಾರ್ಖಾನೆಯಿಂದ ನಿವೃತ್ತನಾಗಿ ಬೆಳಿಗ್ಗೆಯೇ ಶೆಡ್ಡಿನ ಬೆಂಚು ಹಿಡಿಯುವ ಮಂಜಪ್ಪ ಮೊದಲ ದಿನವೇ ಚೌಕಟ್ಟಿಗೆ ಒಂದು ಒದ್ದ.

“ಏನೋ ಶಿವು ಇದು, ಊದುಬತ್ತಿ ತಂದು ಬೆಸೆದಿದೀಯಾ? ಗದ್ದೆ ಬದು ಹಾರ್ಸಿದ್ರೆ ಮಡಚಿ ಬ್ಯಾಗಲ್ಲಿ ಹಾಕ್ಕೊಂಡು ಬರ್ಬೋದು ಮಾರಾಯ!”

ಬೆಂಚಿನಲ್ಲಿದ್ದವರೆಲ್ಲ ನಕ್ಕರು. ಮರುದಿನ ಶಿವಕುಮಾರ್ ಮೂಲೆಗಳಿಗೆ ಪ್ಲೇಟು ಹಾಕಿದ. ಮಂಜಪ್ಪ ಮತ್ತೆ ಒದ್ದ, “ಪರವಾಗಿಲ್ಲ, ನಡುವೆ ಇನ್ನೂ ಟೊಳ್ಳು” ಎಂದ. ನಡುವೆ ಟ್ರೈಲರಿಗೆ ಹಾಕುವ ದಪ್ಪ ಕಬ್ಬಿಣದ ಚಾನೆಲ್ ಬಂತು. ಆಮೇಲೆ ಮುಂದಕ್ಕೊಂದು, ತಳಕ್ಕೊಂದು. ಕಡೆಗೊಂದು ದಿನ ಒದ್ದವನ ಕಾಲೇ ನೋಯಿತು. “ಈಗ ನೋಡು, ಇದು ಭದ್ರಾವತಿ ಮಾಲು!” ಎಂದು ಮಂಜಪ್ಪ ಹೆಬ್ಬೆರಳು ಉಜ್ಜಿಕೊಂಡ. ಶಿವಕುಮಾರನ ಎದೆ ಉಬ್ಬಿತು. ರೇಸಿಗೆ ಹೆಸರು ಕೊಟ್ಟ.

ಭಾನುವಾರ ರೇಸು. ಗುರುವಾರ ಸಂಜೆ ಕಾರನ್ನು ಶೆಡ್ಡಿನ ಹಿಂದಿನ ಕಾಲುವೆ ಏರಿಯ ಬಳಿಗೆ ತಂದ. ಸಮ ನೆಲದಲ್ಲಿ ಕಾರು ಸಂಪನ್ನ ಎತ್ತಿನಂತೆ ನಡೆಯಿತು. ಏರಿ ಹತ್ತಲು ಮೂತಿ ಇಟ್ಟದ್ದೇ ಇಂಜಿನ್ ನರಳಿತು, ಕ್ಲಚ್ಚು ಸುಟ್ಟ ವಾಸನೆ ಬಂತು, ಕಾರು ಅರ್ಧಕ್ಕೆ ನಿಂತು ಹಿಂದಕ್ಕೆ ಜಾರಿತು. ಕಾರ್ಬೊರೇಟರ್ ಬಿಚ್ಚಿದ, ಪ್ಲಗ್ಗು ಬದಲಿಸಿದ. ಮತ್ತೆ ಅದೇ ಕತೆ. ಶುಕ್ರವಾರ ಟ್ರೈಲರ್ ಮೇಲೆ ಹೇರಿಕೊಂಡು ಲಾರಿ ತೂಗುವ ವೇಬ್ರಿಡ್ಜಿಗೆ ಹೋದ. ನಾಲ್ಕು ಜನ ಕೂತ ಮಾರುತಿ ಎಷ್ಟು ತೂಗೀತೋ, ಖಾಲಿ ನಿಂತ ಅವನ ಕಾರು ಅದಕ್ಕಿಂತ ಹೆಚ್ಚು ತೂಗಿತು.

“ದೊಡ್ಡ ಇಂಜಿನ್ ಹಾಕೋ, ಅಷ್ಟೇ” ಎಂದ ಮಂಜಪ್ಪ.

“ಇಂಜಿನ್ ಸರಿಯಾಗೇ ಇದೆ. ನಿಮ್ಮ ಮಾತು ಕೇಳಿ ನಾನು ಮತ್ತೊಂದು ಟ್ರೈಲರ್ ಕಟ್ಟಿದೀನಿ!”

“ನನ್ನ ಮಾತು ಕೇಳು ಅಂತ ಯಾರೋ ಹೇಳಿದ್ರು ನಿಂಗೆ? ನಾ ಒದ್ದೆ, ನೀ ಬೆಸೆದೆ” ಎಂದು ಮಂಜಪ್ಪ ಟವೆಲು ಕೊಡವಿಕೊಂಡು ಎದ್ದು ಹೋದ. ಆ ಮಾತು ನಿಜವೆಂಬುದೇ ಶಿವಕುಮಾರನನ್ನು ಹೆಚ್ಚು ಕೆರಳಿಸಿತು.

ಅವನು ಗ್ರೈಂಡರ್ ಹಿಡಿದ. ಬೇರೆಯವರ ಬೆಸುಗೆಯಾಗಿದ್ದರೆ ಪಟಪಟನೆ ಬಿಡುತ್ತಿತ್ತು. ಇದು ಅವನದೇ, ಒಂದೊಂದೂ ಒಳಗಿನವರೆಗೆ ಇಳಿದದ್ದು. ಡಿಸ್ಕುಗಳು ಸವೆದವು, ಪ್ಲೇಟು ಕದಲಲಿಲ್ಲ. ಶನಿವಾರವೆಲ್ಲ ಕತ್ತರಿಸಿದರೂ ಚಾನೆಲುಗಳು ಉಳಿದವು. ಭಾನುವಾರ ಬೆಳಿಗ್ಗೆ ರೇಸಿನ ಹುಡುಗರು ಫೋನು ಮಾಡಿದರೆ, “ನನ್ನ ಹೆಸ್ರು ಹೊಡೆದಾಕಿ” ಎಂದಷ್ಟೇ ಹೇಳಿ ಇಟ್ಟ.

ಮಧ್ಯಾಹ್ನದ ಹೊತ್ತಿಗೆ ಕೊನೆಯ ಚಾನೆಲ್ ನೆಲಕ್ಕೆ ಬಿತ್ತು. ಊಟಕ್ಕೆ ಕರೆಯಲು ಬಂದ ಶಾಮಲಾ ನೋಡುತ್ತಿದ್ದಂತೆ ಕಾರನ್ನು ಏರಿಯ ಮೇಲಕ್ಕೆ ಬಿಟ್ಟ. ಇಂಜಿನ್ ಒಂದೇ ಉಸಿರಿನಲ್ಲಿ ಕೂಗಿತು. ಕಾರು ಹತ್ತಿತು, ತಾನಾಗಿ, ಏರಿಯ ನೆತ್ತಿಯವರೆಗೆ. ಹತ್ತುವಾಗಲೇ ಎಡಕ್ಕೆ ಎಳೆಯುತ್ತಿದ್ದದ್ದು ನೆತ್ತಿಯಲ್ಲಿ ಲಂಟಾನದ ಪೊದೆಗೆ ಮೂತಿ ತುರುಕಿ ನಿಂತಿತು. ಬೆಸುಗೆಯ ಕಾವು, ಗ್ರೈಂಡರಿನ ಕಾವು ಎರಡೂ ಸೇರಿ ಚೌಕಟ್ಟು ಸೊಟ್ಟಗಾಗಿತ್ತು.

“ಹತ್ತಿತಲ್ಲ ಮಾರಾಯ!” ಎಂದು ಶಾಮಲಾ ಕೆಳಗಿನಿಂದ ಕೂಗಿದಳು. “ಸಾಕು, ಊಟಕ್ಕೆ ಬಾ.”

“ಎಡಕ್ಕೆ ಎಳೀತಿದೆ ಕಣೆ.”

“ನಾಳೆ ನೋಡ್ಕೊ.”

“ನಾಳೆ ಟ್ರೈಲರ್ ಡೆಲಿವರಿ ಇದೆ” ಎಂದ ಅವನು, ಲಂಟಾನದ ಮುಳ್ಳು ಬಿಡಿಸಿಕೊಳ್ಳುತ್ತಾ. “ಜಾಕ್ ತಗೊಂಡು ಬಾ.”