ಗಿರಿಜಾಬಾಯಿಯ ಒಂಟಿಕೈ ರೊಟ್ಟಿ

“ಮತ್ತೊಂದು ತಂದೀಯೇನು? ಹೋದ ಸಲ ತಂದಿದ್ದು ಏನು ಕಡದು ಕಟ್ಟಿ ಹಾಕ್ತು, ಹೇಳಲೇ ಕಾಶ್ಯಾ.”

ತಮ್ಮ ಕಾಶೀರಾಮನ ಕಂಕುಳಲ್ಲಿದ್ದ ಕೈಚೀಲ ‘ಗುಟುರ್’ ಎಂದಿತು.

“ಅಕ್ಕಾ, ಅದು ಸಾಕಿದ್ದು, ಅದ್ಕೇ ನಾಟಿಲ್ಲ. ಇದು ಕಿಲ್ಲಾದ ಗ್ವಾಡ್ಯಾಗ ಇದ್ದ ಕಾಡು ಪಾರಿವಾಳ. ಇದರ ಬಿಸಿ ರಕ್ತ ಒಮ್ಮಿ ತಿಕ್ಕಿದ್ರ ಸಾಕು, ಎಡಗೈ ತಾನೇ ಏಳ್ತದ.”

“ಲಕ್ವಾ ನನಗ ಎಡಕ್ಕ ಹೊಡದದ, ನಿನಗ ತಲಿಗಿ ಹೊಡದದ. ನಿನ್ನ ತಲಿಗೇ ತಿಕ್ಕೋ ಹೋಗು.”

ಪಾರ್ಶ್ವವಾಯುವಿಗೆ ಬಾಯಿ ಒಂದು ಕಡೆಗೆ ಎಳೆದುಕೊಂಡಿದ್ದರೂ ಗಿರಿಜಾಬಾಯಿಯ ಮಾತು ಮಾತ್ರ ನೆಟ್ಟಗೆ ಹೋಗಿ ನಾಟುತ್ತಿತ್ತು. ಭಾಲ್ಕಿ ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯಲ್ಲಿ ಇಪ್ಪತ್ತೆರಡು ವರ್ಷ, ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿದ ಹೆಂಗಸು ಅವಳು. ಉಣ್ಣಲು ಬಂದ ಕಚೇರಿಯ ಸಾಹೇಬರು ಕೂಡ ತಟ್ಟೆಯಲ್ಲಿ ಚೂರು ಬಿಟ್ಟು ಏಳಲು ಹೆದರುತ್ತಿದ್ದರು. ಬಿಟ್ಟರೆ ಒಲೆಯ ಮುಂದಿನಿಂದಲೇ ಕೂಗು ಬರುತ್ತಿತ್ತು: “ಯಾಕ್ರಿ ಸಾಹೇಬ್ರ, ಹಲ್ಲು ಮನ್ಯಾಗ ಬಿಟ್ಟು ಬಂದೀರೇನು?” ಗಂಡ ತೀರಿಕೊಂಡಾಗ ಮಗಳು ಆಮ್ರಪಾಲಿಗೆ ಮೂರು ವರ್ಷ. ಅದೇ ರೊಟ್ಟಿ ಬಡಿಯುವ ಕೈಯಲ್ಲೇ ಅವಳನ್ನು ಪಿಯುಸಿ ದಾಟಿಸಿದ್ದಳು.

ಎಂಟು ತಿಂಗಳ ಹಿಂದೆ ಒಂದು ಬೆಳಗ್ಗೆ, ರೊಟ್ಟಿ ತಿರುಗಿಸುತ್ತಿದ್ದ ಎಡಗೈ ಇದ್ದಕ್ಕಿದ್ದಂತೆ ಹಿಟ್ಟಿನ ಮೇಲೆ ಬಿತ್ತು. ಗಿರಿಜಾಬಾಯಿ ಮೊದಲು ಬೈದದ್ದು ಆ ಕೈಯನ್ನೇ: “ಏಳಲೇ ಮೈಗಳ್ಳ!” ಕೈ ಏಳಲಿಲ್ಲ, ಕಾಲೂ ಏಳಲಿಲ್ಲ. ಪಕ್ಕದಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಕುಬರಾ, ಕೆಲಸದಲ್ಲೂ ಓಣಿಯಲ್ಲೂ ಅವಳ ಜೊತೆಗಾತಿ, ಒಂದೇ ಸಮನೆ ಕಿರುಚಿದಳು: “ಸೀದಾ ಬೀದರ ದವಾಖಾನಿಗಿ ಒಯ್ರಿ, ತಡ ಮಾಡಬ್ಯಾಡ್ರಿ!”

ಟಂಟಂ ಆಟೋ ಓಡಿಸುವ ಕಾಶೀರಾಮ ಅಲ್ಲೇ ಇದ್ದ. ಅಕ್ಕನನ್ನು ಹಿಂದೆ ಮಲಗಿಸಿ, ಬೀದರಿಗೆ ಬೆನ್ನು ಹಾಕಿ, ಔರಾದ ದಾರಿ ಹಿಡಿದ. ಆ ಕಡೆಯ ಒಂದು ಹೊಲದಲ್ಲಿ ಲಕ್ವಾ ಬಿಡಿಸುವ ಮುದುಕನಿದ್ದಾನೆಂದು ಯಾರೋ ಯಾವಾಗಲೋ ಹೇಳಿದ್ದರಂತೆ, ಅಷ್ಟೇ ಆಧಾರ. ಕಾಶೀರಾಮ ತಂದುಕೊಟ್ಟ ಸಾಕಿದ ಪಾರಿವಾಳವನ್ನು ಮುದುಕ ಕೊಯ್ದು, ರಕ್ತ ಬಳಿದು, ಕಂಬಳಿ ಸುತ್ತಿ, “ಬೆವರಲಿ” ಎಂದು ಅವಳನ್ನು ಬಿಸಿಲಲ್ಲಿ ಮಲಗಿಸಿದ. ಬೀದರ ಮುಟ್ಟುವಾಗ ಸಂಜೆ. “ಎಷ್ಟು ಗಂಟೆಗೆ ಆದದ್ದು?” ಎಂದ ಡಾಕ್ಟರು ಉತ್ತರ ಕೇಳಿ ಪೆನ್ನು ಕೆಳಗಿಟ್ಟರು. ನಾಲ್ಕೂವರೆ ತಾಸಿನೊಳಗೆ ಕೊಡಬೇಕಾದ ಇಂಜೆಕ್ಷನ್ನಿನ ಹೊತ್ತು ಪಾರಿವಾಳದ ಜೊತೆಗೇ ಸತ್ತಿತ್ತು.

ಹಾಗೆಂದು ಗಿರಿಜಾಬಾಯಿ ತನ್ನನ್ನೇನೂ ಬಿಟ್ಟವಳಲ್ಲ. “ನಾನರ ಏನು ಶಾಣ್ಯಾಕಿ? ಬಿಪಿ ಗುಳಗಿ ಕೊಟ್ಟಿದ್ರು. ತಲಿ ನೋವಿಲ್ಲಲ್ಲ ಅಂತ ಉಪ್ಪಿನ ಡಬ್ಬ್ಯಾಗ ಇಟ್ಟು ಮರ್ತೆ” ಎನ್ನುತ್ತಿದ್ದಳು. ನೋಡಲು ಬಂದವರನ್ನಂತೂ ಕೇಳಲೇಬೇಡಿ. ಎಲ್ಲರ ಕೈಯಲ್ಲೂ ಒಂದು ಡಜನ್ ಬಾಳೆಹಣ್ಣು, ಎಲ್ಲರ ಬಾಯಲ್ಲೂ ಲಕ್ವಾ ಹೊಡೆದು ಸತ್ತ ಒಬ್ಬ ನೆಂಟನ ಕಥೆ. “ಹಣ್ಣು ಇಟ್ಟು ಹೋಗ್ರಿ, ಹೆಣ ವಾಪಸ್ ಒಯ್ರಿ” ಎಂದು ಗಿರಿಜಾಬಾಯಿ ಬಾಗಿಲು ತೋರಿಸುತ್ತಿದ್ದಳು.

ಎರಡನೇ ಪಾರಿವಾಳ ಬಂದ ಆ ದಿನ ಭಾನುವಾರ. ಮರುದಿನ ಆಮ್ರಪಾಲಿ ಬೀದರಿನ ನರ್ಸಿಂಗ್ ಕಾಲೇಜಿಗೆ ಸೇರಬೇಕು, ಇಲ್ಲದಿದ್ದರೆ ಸೀಟು ಹೋಗುತ್ತದೆ. ಕಾಶೀರಾಮನದು ಒಂದೇ ಹಟ: ತಾಯಿ ಹೀಗಿರುವಾಗ ಮಗಳು ಹಾಸ್ಟೆಲಿಗೆ ಹೋಗಬಾರದು.

“ನಿನಗ ಅಡಗಿ ಯಾರು ಮಾಡ್ತಾರ ಅಕ್ಕಾ?”

“ನನ್ನ ರೊಟ್ಟಿ ನಾನು ಬಡೀತೇನಿ ಅಂತ ಹೇಳೇನಲ್ಲ. ಬಡದ್ರ ಆಕಿ ಹೋಗ್ತಾಳ.”

“ಬಡೀಲಿಲ್ಲಂದ್ರ?”

“ಅವ್ವಾ, ನಾ ಇಲ್ಲೇ ಇರ್ತೇನಿ” ಎಂದಳು ಆಮ್ರಪಾಲಿ.

“ನೀ ಬಾಯಿ ಮುಚ್ಚು. ಇದ್ದು ಏನು, ಮಾಮಾನ ಪಾರಿವಾಳ ಕಾಯ್ತಿ?”

ಗಿರಿಜಾಬಾಯಿ ಕೋಲೂರಿ ಎದ್ದು ನೆಲದ ಒಲೆಯ ಮುಂದೆ ಕುಳಿತಳು. ಆಗಲೇ ಬಂದಿದ್ದ ಕುಬರಾ ಪಕ್ಕದಲ್ಲೇ ಇದ್ದಳು. ಎರಡು ವಾರದಿಂದ ಅವಳು ಸೋಲುತ್ತಿದ್ದದ್ದು ಒಂದೇ ಕಡೆ. ರೊಟ್ಟಿ ಬಡಿಯುವುದು ಬಲಗೈ, ತಿರುಗಿಸುವುದು ಎಡಗೈ. ತಿರುಗಿಸುವವರಿಲ್ಲದೆ ರೊಟ್ಟಿ ಒಂದೆಡೆ ಹರಿದು, ಒಂದೆಡೆ ಗಡ್ಡೆಕಟ್ಟಿ, ಅಗಲ ತಟ್ಟೆಯಂಥ ಪರಾತಕ್ಕೆ ಅಂಟುತ್ತಿತ್ತು.

“ಕುಬರಾ, ಫರಸಿ ಮ್ಯಾಲ ಒಂದು ಚಂಬು ನೀರು ಹೊಯ್ಯಿ.”

“ಆಪಾ, ರೊಟ್ಟಿ ಮಾಡ್ತೀರೋ ಜಳಕ ಮಾಡ್ತೀರೋ?”

“ಹೊಯ್ಯಿ ಅಂದ್ರ ಹೊಯ್ಯಿ.”

ನುಣುಪಾದ ಕಲ್ಲಿನ ನೆಲ ಒದ್ದೆಯಾಯಿತು. ಅದರ ಮೇಲೆ ಗಿರಿಜಾಬಾಯಿ ಸ್ಟೀಲಿನ ಪರಾತ ಇಟ್ಟು ಅಂಚಿಗೊಂದು ಏಟು ಕೊಟ್ಟಳು. ಪರಾತ ಗಿರ್ರನೆ ತಿರುಗಿತು! ರೊಟ್ಟಿ ತಿರುಗದಿದ್ದರೆ ಪರಾತವೇ ತಿರುಗಲಿ. ಆಮೇಲೆ ಸತ್ತ ಎಡಗೈಯನ್ನು ಬಲಗೈಯಿಂದ ಎತ್ತಿ ಪರಾತದ ಅಂಚಿಗೆ ಆನಿಸಿದಳು, ಜಾರಿ ದೂರ ಹೋಗದಂತೆ. “ಕೂಡು ಇಲ್ಲಿ. ಬಾಗಿಲಿಗಿ ಇಟ್ಟ ಕಲ್ಲಿನಷ್ಟರ ಕೆಲಸಕ್ಕ ಬಾ.”

ಬಡಿ, ತಿರುಗಿಸು, ಬಡಿ, ತಿರುಗಿಸು. ಅಂಗೈ ಅಗಲದ ರೊಟ್ಟಿ ಅಂಗೈ ಮೇಲೇ ಎದ್ದು ಹಂಚಿಗೆ ಬಿತ್ತು. ಅಂಚು ಒಡೆದಿತ್ತು, ಒಂದು ಮಗ್ಗುಲು ದಪ್ಪ. ನೀರು ಸವರಿ, ಮಗುಚಿ, ಬೆಂಕಿಗೆ ಹಿಡಿದಾಗ ಉಬ್ಬಿತು.

ಅವಳು ಅರ್ಧ ಮುರಿದು ಶೇಂಗಾ ಹಿಂಡಿಯ ಚಟ್ನಿಪುಡಿ ಹಚ್ಚಿಕೊಂಡು ತಿಂದಳು. ಉಳಿದರ್ಧ ತಮ್ಮನ ಕೈಗಿಟ್ಟಳು. ಅವನು ಬಹಳ ಹೊತ್ತು ಅಗಿದ.

“ದಪ್ಪ ಆಗ್ಯಾದಲ್ಲ ಅಕ್ಕಾ...”

“ಹಲ್ಲು ಕುಶನೂರಾಗ ಬಿಟ್ಟು ಬಂದೀಯೇನು?”

ಠಾಣಾ ಕುಶನೂರು ಅಕ್ಕತಮ್ಮಂದಿರ ಹುಟ್ಟೂರು. ಕಾಶೀರಾಮ ಇನ್ನೂ ಅಲ್ಲೇ ಇರುವವನು. ಕುಬರಾ ಸೆರಗು ಬಾಯಿಗೊತ್ತಿ ನಕ್ಕಳು. ಆಮ್ರಪಾಲಿ ಕಣ್ಣೊರೆಸುತ್ತ ಬಟ್ಟೆ ಜೋಡಿಸಲು ಒಳಗೆ ಓಡಿದಳು. ಕಾಶೀರಾಮ ಸೋತು ಕೈಚೀಲ ಕೆಳಗಿಟ್ಟ. ಕುಬರಾ ಚೀಲದ ಬಾಯಿ ಬಿಚ್ಚಿದ್ದೇ ತಡ, ಪಾರಿವಾಳ ಪಟಪಟನೆ ಹಾರಿ ಎದುರು ಮಾಳಿಗೆಯ ಮೇಲೆ ಕುಳಿತು ಕಾಶೀರಾಮನಿಗೆ ಬೆನ್ನು ತಿರುಗಿಸಿತು.

ಅವನು ಖಾಲಿ ಚೀಲ ಮಡಚಿಕೊಂಡು ಹೊಸ್ತಿಲಲ್ಲಿ ನಿಂತ. “ಮುಂದಿನ ಐತಾರ ಬರ್ತೇನಿ ಅಕ್ಕಾ.”

“ಬಾ. ಆಮ್ರಪಾಲಿನೂ ಬೀದರಿಂದ ಬರ್ತಾಳ ಅವತ್ತು. ಎರಡು ಸೇರು ಬಿಳಿಜ್ವಾಳದ ಹಿಟ್ಟು ತಾ, ನಾಲ್ಕೂ ಮಂದಿಗಿ ನಾನೇ ಬಡೀತೇನಿ. ಹಕ್ಕಿ ತಂದಿ ಅಂದ್ರ ಮಾತ್ರ ನಿನಗೇ ಕಂಬಳಿ ಸುತ್ತಿ ಬಿಸಿಲಾಗ ಮಲಗಸ್ತೇನಿ.”